ಮೂಗುಬಟ್ಟಿನ ಬಿಳಿ ಚುಕ್ಕೆ

ನಾನು ಹುಟ್ಟಾ ಪುಕ್ಕಲಿ. ಹಲ್ಲಿನ ಡಾಕ್ಟರಾಗಿಯೂ ಎಕ್ಸ್-ರೇ ವಿಭಾಗವನ್ನೇ ಏಕೆ ಹಿಡಿದಿರಿ ಎಂದು ಯಾರಾದರೂ ಕೇಳಿದರೆ ಏನೇನೋ ದೊಡ್ಡ ಕಾರಣ ಹೇಳುತ್ತೇನೆ. ನಿಜವಾದ ಕಾರಣ ರಕ್ತ. ಚಿತ್ರ ನೋಡಿ ಎಲ್ಲಿ ಏನಿದೆ ಎಂದು ಬರೆದುಕೊಟ್ಟರೆ ನನ್ನ ಕೆಲಸ ಮುಗಿಯಿತು, ಕೊಯ್ಯುವುದು ಇನ್ನೊಬ್ಬರ ಪಾಡು. ವಾರವಿಡೀ ನಾಸಿಕ್‌ನ ಒಂದು ಎಕ್ಸ್-ರೇ ಕೇಂದ್ರದಲ್ಲಿ ಕೂರುತ್ತೇನೆ. ಶನಿವಾರ ಮಾತ್ರ ಬಸ್ಸು ಹಿಡಿದು ಛತ್ರಪತಿ ಸಂಭಾಜಿನಗರದ ಒಂದು ಧರ್ಮಾರ್ಥ ಆಸ್ಪತ್ರೆಗೆ ಹೋಗುತ್ತೇನೆ. ಕತ್ತಿಯಿಂದ ಇಷ್ಟು ದೂರ ಇದ್ದೇನಲ್ಲ ಎಂದು ಹಾಯಾಗಿದ್ದವಳನ್ನು ಒಂದು ಮೂಗುಬಟ್ಟು ಆಪರೇಷನ್ ಟೇಬಲ್ಲಿನ ಪಕ್ಕಕ್ಕೇ ಎಳೆದು ತಂದಿತು.

ಅದು ಶುರುವಾದದ್ದು ನಾಸಿಕ್‌ನಲ್ಲಿ. ನಮ್ಮ ಕೇಂದ್ರದ ಮುಂದಿನ ರಸ್ತೆಯನ್ನು ಪೈಪ್ ಹಾಕಲೆಂದು ಅಗೆಯುತ್ತಿದ್ದರು. ಜೆಸಿಬಿಯ ಸದ್ದಿಗೆ ಕಿಟಕಿ ಗಾಜು ಅದುರುತ್ತಿತ್ತು. ನಾನು ಬೀದರಿನಲ್ಲಿರುವ ಅಕ್ಕನ ಜೊತೆ ಫೋನಿನಲ್ಲಿ ಮಾತಾಡುತ್ತ ಬಾಗಿಲಿಗೆ ಬಂದೆ. ಮೆಟ್ಟಿಲ ಮೇಲೆ ಕೂತಿದ್ದ ಹೆಂಗಸೊಬ್ಬಳು ನನ್ನ ಕನ್ನಡ ಕೇಳಿ ಎದ್ದು ನಿಂತಳು. ಸೀರೆಯ ಅಂಚಿನಲ್ಲಿ ಸಿಮೆಂಟಿನ ಕಲೆ. ಪಕ್ಕದಲ್ಲಿ ಹತ್ತು ವರ್ಷದ ಆಸುಪಾಸಿನ ಮಗಳು.

"ಅಕ್ಕಾರೆ, ನೀವು ನಮ್ಮ ಕಡ್ಯಾವ್ರೇನ್ರಿ?"

"ಬೀದರಿನವಳು. ನೀವು?"

"ಜೇವರ್ಗಿ ತಾಲೂಕ್ರಿ. ಇಲ್ಲಿ ಪಾಥರ್ಡಿ ಕಡಿ ಬಿಲ್ಡಿಂಗ್ ಕೆಲಸಕ್ಕ ಬಂದೀವಿ. ಈ ಹುಡಿಗಿ ಹಲ್ಲ ಬರವಲ್ದರಿ. ಹಾಲಹಲ್ಲ ಬಿದ್ದು ಎಷ್ಟೋ ದಿನಾ ಆತು."

ಹುಡುಗಿ ನಮ್ಮ ಮಾತಿಗೆ ಕಿವಿಗೊಡುತ್ತಿರಲಿಲ್ಲ. ಬೆನ್ನು ಗೋಡೆಗೆ ಹಚ್ಚಿ ಜೆಸಿಬಿಯನ್ನೇ ನೋಡುತ್ತಿದ್ದಳು. ಅದರ ಸೊಂಡಿಲು ಬಲಕ್ಕೆ ಹೊರಳಿದರೆ ಅವಳ ಮುಖವೂ ಬಲಕ್ಕೆ, ಎಡಕ್ಕೆ ಬಂದರೆ ಎಡಕ್ಕೆ. ನಾನು ನಗುತ್ತಿರುವುದನ್ನು ಕಂಡು ತಾಯಿ, "ನಾವ ಕಲಿಸೀವ್ರಿ," ಎಂದಳು. "ಸಾಯಿಟಿನ್ಯಾಗ ಬೆಳದ ಕೂಸು. ಮಿಶೀನ್ ಯಾಕಡಿ ಹೊಳ್ಳತದೋ ಆಕಡಿ ಮಾರಿ ಮಾಡು, ಅದಕ್ಕ ಬೆನ್ನ ಕೊಡಬ್ಯಾಡ ಅಂತ. ಬೆನ್ನ ಕೊಟ್ಟ ಮಂದಿ ಉಳದಿಲ್ರಿ." ಒಳ್ಳೆಯ ಬುದ್ಧಿ ಕಲಿಸಿದ್ದೀರಿ ಎಂದು ಒಳಗೆ ಕರೆದೆ.

ಹುಡುಗಿಗೆ ಮೇಲಿನ ಎರಡು ಮುಂದಿನ ಹಲ್ಲುಗಳಲ್ಲಿ ಬಲಗಡೆಯದು ಬಂದಿತ್ತು, ಎಡಗಡೆ ಖಾಲಿ. ಶಾಲೆಯಲ್ಲಿ ಮಕ್ಕಳು ಅವಳಿಗೆ 'ಖಿಡಕಿ', ಅಂದರೆ ಕಿಟಕಿ, ಎಂದು ಹೆಸರಿಟ್ಟಿದ್ದರು. ಅದಕ್ಕೇ ಬಾಯಿ ಮುಚ್ಚಿಕೊಂಡೇ ಮಾತಾಡುತ್ತಿದ್ದಳು. ಮೊದಲ ಚಿತ್ರದಲ್ಲೇ ಕಾರಣ ಕಂಡಿತು. ಎಡಗಡೆಯ ಹಲ್ಲು ಮೂಳೆಯೊಳಗೆ ಚೆನ್ನಾಗಿಯೇ ಬೆಳೆಯುತ್ತಿತ್ತು, ಆದರೆ ಅದರ ದಾರಿಗೆ ಅಡ್ಡವಾಗಿ ಮೊಳೆಯಂಥ ಒಂದು ಹೆಚ್ಚುವರಿ ಹಲ್ಲು ಕೂತಿತ್ತು. ಈ ಅಡ್ಡಹಲ್ಲನ್ನು ತೆಗೆದರೆ ಒಳಗಿನದು ತಾನೇ ಇಳಿದು ಬರುತ್ತದೆ. ತೆಗೆಯುವಾಗ ಒಳಗಿನ ಹಲ್ಲಿನ ಎಳೆಯ ಬೇರಿಗೆ ಪೆಟ್ಟು ಬಿದ್ದರೆ ಮಾತ್ರ ಅದು ಜನ್ಮಪೂರ್ತಿ ಹೋದ ಹಾಗೆ.

ಹಾಗಾಗಿ ಅಡ್ಡಹಲ್ಲು ಒಳಗಿನ ಹಲ್ಲಿನ ಮುಂದೆ, ತುಟಿಯ ಕಡೆ ಇದೆಯೋ, ಹಿಂದೆ, ಅಂಗುಳದ ಕಡೆ ಇದೆಯೋ ಮೊದಲು ತಿಳಿಯಬೇಕು. ಒಂದು ಚಿತ್ರ ಅದನ್ನು ಹೇಳುವುದಿಲ್ಲ. ಎಲ್ಲವನ್ನೂ ಒಂದರ ಮೇಲೊಂದು ಚಪ್ಪಟೆ ಮಾಡಿ ತೋರಿಸುತ್ತದೆ. ಅದಕ್ಕೆ ಕಿರಣ ಬಿಡುವ ಟ್ಯೂಬನ್ನು ಪಕ್ಕಕ್ಕೆ ಸರಿಸಿ ಇನ್ನೊಂದು ಚಿತ್ರ ತೆಗೆಯುತ್ತೇವೆ. ತಾಯಿಗೆ ಹೀಗೆ ವಿವರಿಸಿದೆ: "ಬಸ್ಸಿನ ಕಿಟಕಿ ಪಕ್ಕ ಕೂತಾಗ ಹತ್ತಿರದ ಕಂಬಗಳು ಹಿಂದಕ್ಕೆ ಓಡ್ತಾವಲ್ಲ, ದೂರದ ಗುಡ್ಡ?"

"ಗುಡ್ಡ ನಮ್ಮ ಸಂಗಟಾನ ಬರ್ತದ್ರಿ."

"ಹಾಗೇ. ಟ್ಯೂಬು ಬಲಕ್ಕೆ ಹೋದಾಗ ಅದರ ಜೊತೆ ಬಲಕ್ಕೆ ಬಂದದ್ದು ದೂರದ್ದು, ಅಂಗುಳದ ಕಡೆಯದು. ಎಡಕ್ಕೆ ಹಿಂದೆ ಓಡಿದ್ದು ಹತ್ತಿರದ್ದು, ತುಟಿಯ ಕಡೆಯದು."

ಅವಳಿಗೆ ಕೂಡಲೇ ಅರ್ಥವಾಯಿತು. ಆದರೆ ತೊಡಕು ಬಂದದ್ದು ಬೇರೆ ಕಡೆಯಿಂದ. ಹುಡುಗಿಯ ಎಡ ಮೂಗಿನಲ್ಲಿ ಒಂದು ಚಿನ್ನದ ಮೂಗುಬಟ್ಟಿತ್ತು. ಮೇಲಿನ ಮುಂದಿನ ಹಲ್ಲಿನ ಚಿತ್ರದಲ್ಲಿ ಅದು ಸರಿಯಾಗಿ ಬೇರಿನ ಮೇಲೆ ಬಿಳಿ ಚುಕ್ಕೆಯಾಗಿ ಕೂತುಬಿಡುತ್ತದೆ. ತೆಗೆಯಿರಿ ಎಂದೆ. ತಾಯಿ ಮಗಳ ಮೂಗಿಗೆ ಕೈ ಅಡ್ಡ ಹಿಡಿದಳು.

"ಬ್ಯಾಡ್ರಿ ಅಕ್ಕಾರೆ. ಕೂಸಿದ್ದಾಗ ಜ್ವರ ಬಂದು ಕಣ್ಣ ತೇಲಿಸಿಬಿಟ್ಟಿತ್ರಿ. ನಮ್ಮತ್ತಿ ಊರ ದುರ್ಗವ್ವಗ ಹರಕಿ ಹೊತ್ತು ಇದು ಹಾಕ್ಸ್ಯಾಳ. ಮದುವ್ಯಾಗೂತನಕ ತಗೀಬಾರ್ದು, ತಗದ್ರ ಹುಡಿಗಿ ಕೈಗೆ ಹತ್ತಂಗಿಲ್ಲ, ಉಳ್ಯಂಗಿಲ್ಲ ಅಂದಾರ."

ತೆಗೆಯೋಣವೆಂದರೂ ಆಗುವಂತಿರಲಿಲ್ಲ. ಊರಿನ ಅಕ್ಕಸಾಲಿ ಪತ್ತಾರ ಮೂಗಿನ ಒಳಗಡೆ ತಂತಿಯನ್ನು ತಿರುವಿ ಮುಚ್ಚಿಬಿಟ್ಟಿದ್ದ. ಕತ್ತರಿಸಿದರೆ ಮಾತ್ರ ಬರುತ್ತದೆ. ಹೋಗಲಿ ಎಂದು ಹಾಗೇ ಎರಡು ಚಿತ್ರ ತೆಗೆದೆ. ಎರಡನೆಯದಕ್ಕೆ ಟ್ಯೂಬನ್ನು ಬಲಕ್ಕೆ ಸರಿಸಿದೆ. ಅಡ್ಡಹಲ್ಲು ಬಲಕ್ಕೆ ಬಂದಿತ್ತು. ಅಂದರೆ ಅಂಗುಳದ ಕಡೆ ಎಂದಾಯಿತು. ಇಂಥ ಹಲ್ಲುಗಳು ಬಹುಮಟ್ಟಿಗೆ ಅಲ್ಲೇ ಇರುತ್ತವೆ. ಆದರೆ ಮೂಗುಬಟ್ಟಿನ ಬಿಳಿ ಚುಕ್ಕೆಯೂ ಬಲಕ್ಕೆ ಬಂದಿತ್ತು! ಮೂಗಿನ ಮೇಲಿನ ಬಟ್ಟು ಹತ್ತಿರದ ಕಂಬ, ಅದು ಹಿಂದಕ್ಕೆ ಓಡಬೇಕಿತ್ತು. ಮೂಗುಬಟ್ಟು ಅಂಗುಳದೊಳಗೆ ಹೋಗಿ ಕೂರುವುದುಂಟೇ? ಬಟ್ಟೇ ಮೂಗಿನಲ್ಲಿ ಅಲುಗಾಡಿ ಲೆಕ್ಕ ಕೆಡಿಸಿರಬೇಕು ಎಂದುಕೊಂಡೆ. ಖಚಿತವಿಲ್ಲ, ಮೂಗುಬಟ್ಟು ತೆಗೆದು ಮತ್ತೆ ನೋಡಬೇಕು ಎಂದು ಬರೆದೆ. ಮೂರು ಆಯಾಮದ ಸ್ಕ್ಯಾನಿಗೂ ಕಳಿಸಿ ನೋಡಿದ್ದಾಯಿತು. ಯಂತ್ರ ತಲೆಯ ಸುತ್ತ ತಿರುಗತೊಡಗಿದ್ದೇ ತಡ ಹುಡುಗಿ ಕಿರುಚಿ ಹೊರಗೆ ಓಡಿದಳಂತೆ. ಚಿತ್ರವೆಲ್ಲ ಕಲಸಿದ ಹಿಟ್ಟು.

ಪೂರ್ತಿ ಅರಿವಳಿಕೆ ಕೊಟ್ಟೇ ತೆಗೆಯಬೇಕು ಎಂದಾಯಿತು. ನಾನು ಶನಿವಾರ ಹೋಗುವ ಆಸ್ಪತ್ರೆಯ ಶಸ್ತ್ರವೈದ್ಯರು ಒಪ್ಪಿದರು. ತಾಯಿಯ ಅಕ್ಕ ಸಂಭಾಜಿನಗರದ ವಾಳೂಜ್ ಕಡೆ ಕೆಲಸಕ್ಕಿದ್ದಳು, ಅವಳ ಶೆಡ್ಡಿನಲ್ಲಿ ಇಬ್ಬರೂ ಉಳಿದರು. ಆಪರೇಷನ್ನಿನ ಹಿಂದಿನ ದಿನ ನಾಸಿಕ್‌ಗೆ ತಾಯಿಯ ಫೋನು ಬಂತು. ಅಳುತ್ತಿದ್ದಳು.

"ಮೈಮ್ಯಾಲ ಏನೂ ಬಂಗಾರ ಇರಬಾರ್ದು ಅನ್ಲತ್ತಾರ್ರಿ. ಪತ್ತಾರನ ಕಡಿ ಹೋಗಿ ಕಡಿಸ್ಕೊಂಡ ಬರ್ರಿ, ಇಲ್ಲಂದ್ರ ಮನಿಗಿ ಹೋಗ್ರಿ ಅಂತಾರ. ನಾ ಏನ ಮಾಡ್ಲಿ, ನೀವ ಹೇಳ್ರಿ."

ಅದು ಆಸ್ಪತ್ರೆಯ ನಿಯಮ, ಸರಿಯಾದ ನಿಯಮ. ರಕ್ತ ನಿಲ್ಲಿಸುವ ಕರೆಂಟಿನ ಉಪಕರಣ ಬಳಸುವಾಗ ಮೈಮೇಲೆ ಲೋಹ ಇದ್ದರೆ ಸುಡಬಹುದು. ಕಡಿಸಿರಿ, ಏನೂ ಆಗುವುದಿಲ್ಲ ಎಂದೆ.

"ನೀವ್ ಒಳಗ ಇರ್ತೀರೇನ್ರಿ?"

ಆಪರೇಷನ್ ಥಿಯೇಟರಿನೊಳಗೆ ನಾನು! ಆದರೆ ಅವಳು ಅಷ್ಟು ದೊಡ್ಡ ಹರಕೆಯನ್ನು ನನ್ನ ಮಾತಿನ ಮೇಲೆ ಬಿಟ್ಟುಕೊಡುತ್ತಿದ್ದಳು.

"ಇರ್ತೀನಿ," ಎಂದುಬಿಟ್ಟೆ.

ಮೂಗುಬಟ್ಟು ಹೋದ ಮೇಲೆ ಆಸ್ಪತ್ರೆಯ ಟೆಕ್ನೀಷಿಯನ್ ಹೊಸದಾಗಿ ಎರಡು ಚಿತ್ರ ತೆಗೆದು ನನ್ನ ಫೋನಿಗೂ ಕಳಿಸಿದ. ಅದೇ ಪದ್ಧತಿ, ಟ್ಯೂಬು ಬಲಕ್ಕೆ. ಬಿಳಿ ಚುಕ್ಕೆಯ ಕಾಟವಿಲ್ಲದ ಸ್ವಚ್ಛ ಚಿತ್ರಗಳು. ಅಡ್ಡಹಲ್ಲು ಬಲಕ್ಕೆ ಬಂದಿತ್ತು, ಅಂದರೆ ಅಂಗುಳದ ಕಡೆ. ಶಸ್ತ್ರವೈದ್ಯರು ಹಾಗೇ ಎಂದರು, ನಾನೂ ಹೌದೆಂದೆ. ಆದರೂ ಶನಿವಾರ ಬೆಳಿಗ್ಗೆ ಬಸ್ಸಿನಲ್ಲಿ ಕೂತು ಫೋನಿನಲ್ಲಿ ಆ ಚಿತ್ರಗಳನ್ನೇ ಮತ್ತೆ ಮತ್ತೆ ನೋಡಿದೆ. ಯೇವಲಾ ದಾಟಿದ ಮೇಲೆ ಕಿಟಕಿಯಾಚೆ ಕಂಬಗಳು ಹಿಂದಕ್ಕೆ ಓಡುತ್ತಿದ್ದವು. ನಾಸಿಕ್‌ನ ಚಿತ್ರದಲ್ಲಿ ಆ ಬಟ್ಟು ಹೀಗೆ ಹಿಂದಕ್ಕೆ ಓಡದೆ ಯಾಕೆ ಟ್ಯೂಬಿನ ಜೊತೆ ಬಂತು ಎಂದು ಅದೇ ಅದೇ ಯೋಚನೆ. ಹಗ್ಗ ಕಂಡರೂ ಹಾವೆನ್ನುವ ಸ್ವಭಾವ ನಿನ್ನದು, ಸುಮ್ಮನಿರು ಎಂದು ನನಗೆ ನಾನೇ ಬೈದುಕೊಂಡೆ.

ಥಿಯೇಟರಿನ ಬಾಗಿಲಲ್ಲಿ ಹುಡುಗಿ ಹಸಿರು ಅಂಗಿ ತೊಟ್ಟು ಸ್ಟ್ರೆಚರಿನ ಮೇಲಿದ್ದಳು. ಬಟ್ಟಿಲ್ಲದ ಮೂಗಿನ ಮೇಲೆ ಕೆಂಪು ತೂತು. "ದುಖೇಲ್ ಕಾ?" ಎಂದು ಮರಾಠಿಯಲ್ಲಿ ಪಿಸುಗುಟ್ಟಿದಳು, ನೋಯುತ್ತದಾ ಎಂದು. ಇಲ್ಲ, ನಿದ್ದೆ ಬರುತ್ತದೆ ಅಷ್ಟೇ ಎಂದೆ. ಅಷ್ಟರಲ್ಲಿ ವಾರ್ಡ್‌ಬಾಯ್ ಆಕ್ಸಿಜನ್ ಸಿಲಿಂಡರಿನ ಗಾಡಿಯನ್ನು ಗಡಗಡ ತಳ್ಳಿಕೊಂಡು ಬಂದ. ಹುಡುಗಿ ಮಾತು ನಿಲ್ಲಿಸಿ ಮುಖವನ್ನು ಅದರ ಕಡೆ ಹೊರಳಿಸಿದಳು. ಗಾಡಿ ದಾಟಿಹೋಗುವವರೆಗೂ ಅವಳ ಮುಖ ಅದರ ಹಿಂದೆಯೇ ತಿರುಗಿತು, ಕಡೆಗೆ ಕೆನ್ನೆ ದಿಂಬಿಗೆ ಒತ್ತಿತು. ತಾಯಿ ನನ್ನ ಕೈಯನ್ನೊಮ್ಮೆ ಒತ್ತಿ ಬಿಟ್ಟಳು. ಅವಳ ಇನ್ನೊಂದು ಕೈ ಸೆರಗಿನ ಗಂಟನ್ನು ಹಿಡಿದಿತ್ತು. ಬಟ್ಟು ಆ ಗಂಟಿನಲ್ಲಿತ್ತು.

ಒಳಗೆ ಗೋಡೆಗೆ ಆತು ನಿಂತೆ. ಹುಡುಗಿ ನಿದ್ದೆ ಹೋದಳು. ಶಸ್ತ್ರವೈದ್ಯರು ಮಾತು ಕಡಿಮೆ, ಕೈ ಚುರುಕಿನ ಹಿರಿಯರು. ಅಂಗುಳದ ಚರ್ಮವನ್ನು ಹಲ್ಲಿನ ಅಂಚಿನಿಂದ ಬಿಡಿಸಿ ಹಿಂದಕ್ಕೆ ಮಡಿಚಿದರು. ಕೆಂಪು ಕಂಡದ್ದೇ ನಾನು ಗೋಡೆಯ ಗಡಿಯಾರ ನೋಡತೊಡಗಿದೆ. ಡ್ರಿಲ್ಲಿನ ಸದ್ದು, ಅದರ ಮೇಲೆ ನೀರು ಬಿಡುವ ಸದ್ದು, ನೀರು ಎಳೆದುಕೊಳ್ಳುವ ಕೊಳವೆಯ ಸದ್ದು. ಆಮೇಲೆ ಡ್ರಿಲ್ಲು ನಿಂತಿತು. ಮತ್ತೆ ಶುರುವಾಯಿತು. ಮತ್ತೆ ನಿಂತಿತು.

"ಕಾಣುತ್ತಿಲ್ಲ," ಎಂದರು ಶಸ್ತ್ರವೈದ್ಯರು. "ಇಲ್ಲೇ ಇರಬೇಕು. ಇನ್ನೂ ಸ್ವಲ್ಪ ಆಳಕ್ಕೆ ಹೋಗೋಣ."

ಆಳದಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು. ಅಡ್ಡಹಲ್ಲು ಅಂಗುಳದ ಕಡೆ ಇಲ್ಲದಿದ್ದರೆ ಆ ಡ್ರಿಲ್ಲಿಗೆ ಮೊದಲು ಸಿಗುವುದು ಒಳಗಿನ ಒಳ್ಳೆಯ ಹಲ್ಲಿನ ಎಳೆ ಬೇರು. ಹುಡುಗಿಯನ್ನು ನೋಡಿದೆ. ಅಷ್ಟೊಂದು ಯಂತ್ರಗಳ ನಡುವೆ ಅವಳ ತಲೆ ಮೊದಲ ಬಾರಿಗೆ ಅಲುಗದೆ ಬಿದ್ದಿತ್ತು.

ಆಗ ಹೊಳೆಯಿತು. ಯಂತ್ರ ಹೊರಳಿದ ಕಡೆ ಮುಖ ಮಾಡುವ ಹುಡುಗಿ! ನಾವು ಟ್ಯೂಬನ್ನು ಬಲಕ್ಕೆ ಸರಿಸಿ ಗೋಡೆಯ ಹಿಂದೆ ಹೋಗಿ ಗುಂಡಿ ಒತ್ತುವಷ್ಟರಲ್ಲಿ ಅವಳು ಟ್ಯೂಬಿನ ಹಿಂದೆ ತಲೆ ತಿರುಗಿಸಿದ್ದಾಳೆ. ಟ್ಯೂಬು ಸರಿದದ್ದಕ್ಕಿಂತ ಹೆಚ್ಚು ತಿರುಗಿಸಿದ್ದಾಳೆ. ಚಿತ್ರ ಹಿಡಿಯಲು ಬಾಯೊಳಗಿಟ್ಟ ಸೆನ್ಸರು ಅವಳ ಜೊತೆಯೇ ತಿರುಗಿದ್ದರಿಂದ ಚಿತ್ರ ನೀಟಾಗಿಯೇ ಬಂದಿದೆ. ನಾವು ಬಲಕ್ಕೆ ಹೋಗಿದ್ದೇವೆ ಎಂದುಕೊಂಡೆವು, ಅವಳ ಹಲ್ಲಿನ ಲೆಕ್ಕದಲ್ಲಿ ಎಡಕ್ಕೆ ಹೋಗಿದ್ದೆವು. ಲೆಕ್ಕವೆಲ್ಲ ತಿರುವುಮುರುವು. ನಾಸಿಕ್‌ನಲ್ಲಿ ಬಟ್ಟು ಅಲುಗಿರಲೇ ಇಲ್ಲ. ಅದು ಮೂಗಿನ ಜೊತೆಗೇ ತಿರುಗಿತ್ತು. ಅಡ್ಡಹಲ್ಲು ಬಟ್ಟು ಹೋದ ಕಡೆಗೇ ಹೋಗಿತ್ತು ಎಂದರೆ ಅದೂ ಬಟ್ಟಿನ ಹಾಗೆ ಹೊರಗಡೆಯದು, ತುಟಿಯ ಕಡೆಯದು.

ಹೊಳೆದದ್ದು ಬೇರೆ, ಬಾಯಿ ಬಿಡುವುದು ಬೇರೆ. ನನ್ನ ಊಹೆ ತಪ್ಪಾದರೆ? ಬಾಯಿಯ ಎರಡೂ ಕಡೆ ಕೊಯ್ದು, ಅರಿವಳಿಕೆಯ ಹೊತ್ತು ಬೆಳೆಸಿ, ಕೊನೆಗೆ ಹಲ್ಲು ಅಂಗುಳದಲ್ಲೇ ಸಿಕ್ಕರೆ? ಹೊರಗೆ ಕೂತವಳಿಗೆ ಏನು ಹೇಳಲಿ? ಅಷ್ಟು ಹೆದರಿದ್ದು ನನಗೆ ನೆನಪಿಲ್ಲ. ಡ್ರಿಲ್ಲು ಮತ್ತೆ ಶುರುವಾಯಿತು.

"ಸರ್, ನಿಲ್ಲಿಸಿ."

ನನ್ನ ದನಿ ನನಗೇ ಕೀರಲಾಗಿ ಕೇಳಿಸಿತು. ಅವರು ತಲೆಯೆತ್ತಿದರು.

"ಹಲ್ಲು ತುಟಿಯ ಕಡೆ ಇದೆ ಅನ್ನಿಸ್ತದೆ ಸರ್."

"ನಿನ್ನೆ ನೀವೂ ಅಂಗುಳ ಅಂದಿರಲ್ಲ?"

"ಅಂದೆ. ಆ ಚಿತ್ರ ತೆಗೆಯುವಾಗ ಹುಡುಗಿ ತಲೆ ತಿರುಗಿಸಿದ್ದಾಳೆ."

"ನೀವು ಅಲ್ಲಿ ಇದ್ದಿರಾ? ಕಣ್ಣಾರೆ ನೋಡಿದಿರಾ?"

"ಇಲ್ಲ ಸರ್."

ಅರಿವಳಿಕೆ ವೈದ್ಯೆ ಮಾನಿಟರಿನಿಂದ ಕಣ್ಣು ತೆಗೆಯದೆ, "ಏನಾದರೂ ಬೇಗ ನಿರ್ಧರಿಸಿ," ಎಂದರು. ಸಿಟ್ಟಿನಿಂದಲ್ಲ, ಆದರೆ ನನಗೆ ಅಳು ಬರುವಂತಾಯಿತು. ಹೆದರಿಕೆ ಒಂದು ಮಟ್ಟ ಮೀರಿದರೆ ಹುಚ್ಚು ಧೈರ್ಯ ಬರುತ್ತದಂತೆ. ನನಗೆ ಬಂದದ್ದು ಅದೇ ಇರಬೇಕು.

"ನನ್ನ ಮಾತು ನಂಬಬೇಡಿ ಸರ್. ಎರಡು ಚಿತ್ರ ತೆಗೆಯಲು ಬಿಡಿ. ಈಗ ಅವಳು ತಲೆ ತಿರುಗಿಸುವುದಿಲ್ಲ. ಆದರೆ ತುಟಿಯ ಕಡೆ ನನಗೊಂದು ಗುರುತು ಬೇಕು. ಒಂದು ಮೂಗುಬಟ್ಟು ಬೇಕು."

ಅವರು ಡ್ರಿಲ್ಲನ್ನು ಟ್ರೇಯಲ್ಲಿಟ್ಟರು. ಆಮೇಲೆ ಹಲ್ಲು ಕಟ್ಟುವ ಸಣ್ಣ ಉಕ್ಕಿನ ತಂತಿ ಕೇಳಿದರು. ಬಂದಿದ್ದ ಬಲಗಡೆಯ ಹಲ್ಲಿನ ಕುತ್ತಿಗೆಗೆ ಅದನ್ನು ಸುತ್ತಿ, ತುದಿಯನ್ನು ತುಟಿಯ ಕಡೆಗೆ ತಂದು ತಿರುವಿದರು. ಊರಿನ ಪತ್ತಾರ ತಿರುವಿದ ಹಾಗೇ ಇತ್ತು. ಕೈಯಲ್ಲಿ ಹಿಡಿಯುವ ಎಕ್ಸ್-ರೇ ಯಂತ್ರ ಬಂತು. ಸೆನ್ಸರಿಗೆ ಹೊಸ ಕವಚ ತೊಡಿಸಿ ಬಾಯೊಳಗಿಟ್ಟರು. ಸೀಸದ ಏಪ್ರನ್ ತೊಟ್ಟು ಯಂತ್ರ ಹಿಡಿದವಳು ನಾನೇ. ತೆರೆದ ಗಾಯದ ಮೇಲೆ ಬಾಗಬೇಕಾಯಿತು. ರಕ್ತ ಕಣ್ಣೆದುರಿಗೇ ಇತ್ತು. ಕೈ ನಡುಗಿದರೆ ಚಿತ್ರ ಹಾಳು ಎಂದು ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ಉಸಿರು ಹಿಡಿದೆ.

ಮೊದಲನೆಯದು ನೇರ. ಎರಡನೆಯದಕ್ಕೆ ಯಂತ್ರವನ್ನು ಬಲಕ್ಕೆ ಒಯ್ದೆ. ಗುಂಡಿ ಒತ್ತುವ ಮುನ್ನ ಹುಡುಗಿಯ ಮುಖ ನೋಡಿದೆ. ಅದು ನನ್ನ ಹಿಂದೆ ಬರಲಿಲ್ಲ.

ಪರದೆಯ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟರು. ತಂತಿಯ ತುದಿ ಎಡಕ್ಕೆ ಸರಿದಿತ್ತು, ಹತ್ತಿರದ ಕಂಬ ಸರಿಯಬೇಕಾದ ಹಾಗೆ. ಅಡ್ಡಹಲ್ಲು? ನನಗೆ ನೋಡಲಾಗಲಿಲ್ಲ, ಕಣ್ಣು ಮಂಜಾಗಿತ್ತು. ಶಸ್ತ್ರವೈದ್ಯರೇ ಓದಿದರು. "ಇದೂ ಎಡಕ್ಕೆ," ಎಂದರು. "ಅಂಗುಳ ಮುಚ್ಚೋಣ. ಮುಂದಿನಿಂದ ಹೋಗೋಣ."

ಅಂಗುಳಕ್ಕೆ ಹೊಲಿಗೆ ಬಿತ್ತು. ಮೇಲ್ದುಟಿಯನ್ನು ಎತ್ತಿ ಒಸಡನ್ನು ಬಿಡಿಸಿದರು. ಮೂಳೆ ಅಲ್ಲಿ ಹಪ್ಪಳದಷ್ಟು ತೆಳ್ಳಗಿತ್ತು. ಅದನ್ನು ಸ್ವಲ್ಪ ಕೆರೆದದ್ದೇ ಹಳದಿ ಬಣ್ಣದ ಚೂಪು ತುದಿ ಕಂಡಿತು. ಬೆಣ್ಣೆಯಿಂದ ಕೂದಲು ತೆಗೆದಂತೆ ಬಂತು. ಜೋಳದ ಕಾಳಿಗಿಂತ ತುಸು ಉದ್ದದ ಒಂದು ಹಲ್ಲು. ಅದರ ಹಿಂದೆ ಒಳಗಿನ ಹಲ್ಲಿನ ಬಿಳಿ ಮೈ ಹೊಳೆಯುತ್ತಿತ್ತು, ಒಂದು ಗೀರೂ ಇಲ್ಲದೆ. ನಾನು ಹೊರಗೆ ಬಂದು ಕೈತೊಳೆಯುವ ತೊಟ್ಟಿಯ ಮುಂದೆ ವಾಂತಿ ಮಾಡಿಕೊಂಡೆ.

ಹುಡುಗಿ ಕಣ್ಣು ಬಿಡುವವರೆಗೆ ಮತ್ತೊಂದು ಹೆದರಿಕೆ. ನಿದ್ದೆಯ ಹೊತ್ತು ಬೆಳೆದಿದ್ದರಿಂದ ಎಚ್ಚರವಾಗುವುದೂ ತಡವಾಯಿತು. ಹೆಸರು ಕರೆದರೂ ರೆಪ್ಪೆ ಎತ್ತಲಿಲ್ಲ. ತಗದ್ರ ಹುಡಿಗಿ ಕೈಗೆ ಹತ್ತಂಗಿಲ್ಲ ಎಂಬ ಮಾತು ನನ್ನ ಕಿವಿಯಲ್ಲೇ ಸುತ್ತುತ್ತಿತ್ತು. ಓದಿದವಳು ನಾನು, ಹರಕೆಯನ್ನು ನಂಬುವವಳಲ್ಲ, ಆದರೂ ಆ ಹೊತ್ತಿನಲ್ಲಿ ಪೂರ್ತಿ ನಂಬಿದ್ದೆ. ಕಡೆಗೆ ನರ್ಸ್ ಒಂದು ಟ್ರಾಲಿಯನ್ನು ಮಂಚದ ಪಕ್ಕದಲ್ಲಿ ಎಳೆದಳು. ಹುಡುಗಿಯ ಮುಖ ನಿಧಾನಕ್ಕೆ ಅದರ ಕಡೆ ಹೊರಳಿತು. ನನಗೆ ಹೋದ ಜೀವ ಬಂತು.

ತಾಯಿಗೆ ಎಲ್ಲವನ್ನೂ ಹೇಳಿದೆ. ಮುಚ್ಚಿಡಲು ಮನಸ್ಸಾಗಲಿಲ್ಲ. ಮೊದಲು ಅಂಗುಳದಲ್ಲಿ ಹುಡುಕಿದರು, ಸಿಗಲಿಲ್ಲ, ಆಮೇಲೆ ಮುಂದಿನಿಂದ ತೆಗೆದರು, ಎರಡೂ ಕಡೆ ಹೊಲಿಗೆ ಇದೆ, ಒಳಗಿನ ಹಲ್ಲು ಚೆನ್ನಾಗಿದೆ ಎಂದೆ. ಅವಳು ಸೆರಗಿನ ಗಂಟನ್ನು ಬಿಗಿಯಾಗಿ ಹಿಡಿದು ಕೇಳಿದಳು.

"ಮೂಗಬಟ್ಟ ಇಲ್ಲಂತ ಹಿಂಗಾತೇನ್ರಿ?"

ಇಲ್ಲಮ್ಮ, ಅದೆಲ್ಲ ಮೂಢನಂಬಿಕೆ ಎಂದು ಹೇಳಲು ಬಾಯಿ ತೆರೆದೆ. ಆದರೆ ಸುಳ್ಳಾಗುತ್ತಿತ್ತು. ಬಟ್ಟು ಇದ್ದಿದ್ದರೆ ಆಸ್ಪತ್ರೆಯ ಚಿತ್ರದಲ್ಲೂ ಬಿಳಿ ಚುಕ್ಕೆ ಇರುತ್ತಿತ್ತು, ಅದೂ ಬಲಕ್ಕೆ ಬಂದಿರುತ್ತಿತ್ತು, ನಾವೆಲ್ಲ ಮತ್ತೊಮ್ಮೆ ಯೋಚಿಸುತ್ತಿದ್ದೆವು.

"ಹೌದ್ರಿ," ಎಂದೆ. "ಅದು ಇಲ್ಲದ್ದಕ್ಕೇ."

ಅವಳು ಹಾಗಿದ್ದರೆ ಸರಿ ಎನ್ನುವಂತೆ ತಲೆಯಾಡಿಸಿ ಮಗಳ ಪಕ್ಕ ಹೋಗಿ ಕೂತಳು.

ಕೆಲವು ತಿಂಗಳ ಮೇಲೆ ತಾಯಿ ಮಗಳು ಮತ್ತೆ ನಾಸಿಕ್‌ನ ಕೇಂದ್ರಕ್ಕೆ ಬಂದರು. ರಸ್ತೆಯ ಅಗೆತ ಮುಗಿದು ಜೆಸಿಬಿ ಹೋಗಿತ್ತು. "ನಗು ನೋಡೋಣ," ಎಂದರೆ ಹುಡುಗಿ ನಕ್ಕಳು. ಕಿಟಕಿಯಲ್ಲಿ ಹಲ್ಲಿನ ಅಂಚು ಇಣುಕಿತ್ತು, ಇನ್ನೂ ಗರಗಸದ ಹಾಗೆ ಹೊಚ್ಚಹೊಸದು. ಎಡ ಮೂಗಿನಲ್ಲಿ ಬಟ್ಟು ಮರಳಿ ಬಂದಿತ್ತು. ಬೇರು ಹೇಗಿದೆ ಎಂದು ಒಂದು ಚಿತ್ರ ತೆಗೆಯಬೇಕಿತ್ತು. ನಾನು ಏನೂ ಹೇಳುವ ಮೊದಲೇ ತಾಯಿ ಮಗಳ ಮೂಗಿಗೆ ಕೈ ಹಾಕಿದಳು.

"ಈಗ ತಿರುಪಿಂದು ಮಾಡಿಸೀನ್ರಿ ಅಕ್ಕಾರೆ. ದುರ್ಗವ್ವಗ ತಪ್ಪಾತು ಅಂತ ಕಾಯಿ ಒಡದು, ಪತ್ತಾರಗ ಹೇಳಿ ಮಾಡಿಸೀನಿ. ನಿಮಗ ತ್ರಾಸ ಆಗಬಾರ್ದು ನೋಡ್ರಿ. ತಗೀಲೇನು?"

ಅವಳ ಬೆರಳು ತಿರುಪಿನವರೆಗೆ ಹೋಗಿ ಅಲ್ಲೇ ನಿಂತಿತು. ನಾನು ಟ್ಯೂಬನ್ನು ಎಳೆದೆ. ಹುಡುಗಿಯ ಮುಖ ಅದರ ಹಿಂದೆಯೇ ಹೊರಟಿತು.

"ಬೇಡ, ಇರಲಿ ಬಿಡ್ರಿ," ಎಂದೆ. "ಅದು ಇದ್ದರೆ ನನಗೇ ಧೈರ್ಯ."